ತಲೆಬುರುಡೆಗೆ ಮುಚ್ಚಳವೇ ಇಲ್ಲದ ಮೀನು

ಹುಟ್ಟಿ ಒಂದು ವಾರವಾದ ಜೀಬ್ರಾಮೀನಿನ ಮರಿ. ಉದ್ದ 4 ಮಿಲಿಮೀಟರ್, ಹೆಚ್ಚುಕಡಿಮೆ ಒಂದು ಜೀರಿಗೆ ಕಾಳಿನಷ್ಟು. ಅದನ್ನು ಮೆತ್ತನೆಯ ಜೆಲ್‌ನಲ್ಲಿ ಕದಲದಂತೆ ಕೂರಿಸಿದ್ದಾರೆ. ಕೆಳಗೊಂದು ಪರದೆ. ಅದರ ಮೇಲೆ ಪಟ್ಟೆಗಳು ಸರಿಯುತ್ತಿವೆ. ಪಟ್ಟೆ ಸರಿದರೆ ಮೀನಿಗೆ ತಾನು ಹರಿವಿನಲ್ಲಿ ಕೊಚ್ಚಿ ಹೋಗುತ್ತಿದ್ದೇನೆ ಅನ್ನಿಸುತ್ತದೆ. ಇದ್ದ ಜಾಗದಲ್ಲೇ ಉಳಿಯಲು ಅದು ಈಜಲು ನೋಡುತ್ತದೆ. ಸ್ನಾಯುಗಳು ಅಲುಗದಂತೆ ಮದ್ದು ಕೊಟ್ಟಿರುವುದರಿಂದ ಬಾಲ ಬೀಸಲಾಗದು. ಆದರೆ 'ಬೀಸು' ಎಂದು ಮಿದುಳು ಕಳಿಸಿದ ಸಂದೇಶ ಬಾಲದ ನರದವರೆಗೂ ಬರುತ್ತದೆ. ಅದನ್ನು ಅಲ್ಲೇ ಕಂಪ್ಯೂಟರ್ ಹಿಡಿದು, ಅಷ್ಟಕ್ಕೆ ತಕ್ಕ ಹಾಗೆ ಪಟ್ಟೆಗಳನ್ನು ಹಿಂದಕ್ಕೆ ಸರಿಸುತ್ತದೆ. ಮೀನಿನ ಮಟ್ಟಿಗೆ ತಾನು ಈಜಿದೆ, ಮುಂದೆ ಹೋದೆ. ಎಲ್ಲ ಸರಿ.

ಈಗ ಕಂಪ್ಯೂಟರ್ ಸುಮ್ಮನಾಗುತ್ತದೆ. ಮೀನು ಎಷ್ಟು ಈಜಿದರೂ ಪಟ್ಟೆಗಳು ಹಿಂದೆ ಸರಿಯುವುದಿಲ್ಲ. ಮರಿ ಮೊದಲು ಇನ್ನೂ ಜೋರಾಗಿ ಪ್ರಯತ್ನಿಸುತ್ತದೆ. ಮತ್ತೆ, ಮತ್ತೆ. ಒಂದಷ್ಟು ಹೊತ್ತು ಹೆಣಗಾಡಿ ಕೊನೆಗೆ ನಿಲ್ಲಿಸಿಬಿಡುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೈಚೆಲ್ಲಿ ಕೂರುತ್ತದೆ. ಸ್ವಲ್ಪ ಹೊತ್ತಿನ ನಂತರ ಇನ್ನೊಮ್ಮೆ ಪ್ರಯತ್ನಿಸಿ ನೋಡುತ್ತದೆ.

ಅಮೆರಿಕದ ಜನೀಲಿಯಾ ಸಂಶೋಧನಾ ಕೇಂದ್ರದಲ್ಲಿ ಮಿಶಾ ಆರೆನ್ಸ್ ಅವರ ತಂಡ ಈ ಪ್ರಯೋಗ ಮಾಡಿ 2019ರಲ್ಲಿ ಪ್ರಕಟಿಸಿತು. 'ಇನ್ನು ಸಾಕು' ಎಂಬ ತೀರ್ಮಾನ ಮಿದುಳಿನ ಯಾವ ಮೂಲೆಯಲ್ಲಿ ಹುಟ್ಟುತ್ತದೆ ಎಂಬುದನ್ನು ಅವರು ಕಣ್ಣಾರೆ ನೋಡಿದರು. ಮರಿಯ ಮೈ ಗಾಜಿನಂತೆ ಪಾರದರ್ಶಕ. ಇಡೀ ಮಿದುಳು ಸೂಕ್ಷ್ಮದರ್ಶಕಕ್ಕೆ ತೆರೆದುಕೊಂಡೇ ಇರುತ್ತದೆ. ಅಲ್ಲಿ ಕಂಡದ್ದು ಯಾರೂ ಅಷ್ಟಾಗಿ ನಿರೀಕ್ಷಿಸಿರದ ಸಂಗತಿ. ಪ್ರಯತ್ನ ವಿಫಲವಾದಾಗಲೆಲ್ಲ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸ್ರವಿಸುವ ಕೆಲವು ನರಕೋಶಗಳು ಮಿನುಗಿದವು. ಆ ಸಂದೇಶ ಮುಟ್ಟಿದ್ದು ಗ್ಲಿಯಾ ಎಂಬ ಕೋಶಗಳಿಗೆ. ಗ್ಲಿಯಾ ಅಂದರೆ ಗ್ರೀಕ್ ಭಾಷೆಯಲ್ಲಿ ಗೋಂದು. ನರಕೋಶಗಳ ಸಂದಿಯಲ್ಲಿ ತುಂಬಿಕೊಂಡು ಅವನ್ನು ಸಾಕುವ ಕೋಶಗಳು ಅಷ್ಟೇ ಎಂದು ಬಹಳ ಕಾಲ ಇವನ್ನು ಬದಿಗಿಟ್ಟಿದ್ದರು. ಈ ಮೀನಿನಲ್ಲಿ ಅವು ಲೆಕ್ಕ ಇಡುತ್ತಿದ್ದವು. ಒಂದೊಂದು ಸೋಲಿಗೂ ಅವುಗಳೊಳಗೆ ಕ್ಯಾಲ್ಸಿಯಂ ಇಷ್ಟಿಷ್ಟೇ ಏರಿ, ಒಂದು ಮಟ್ಟ ದಾಟಿದ ಮೇಲೆ ಈಜು ನಿಲ್ಲುತ್ತಿತ್ತು. ಲೇಸರ್‌ನಿಂದ ಆ ಗ್ಲಿಯಾ ಕೋಶಗಳನ್ನು ಸುಟ್ಟಾಗ ಮೀನು ಸೋಲೊಪ್ಪಲೇ ಇಲ್ಲ. ಅದೇ ಕೋಶಗಳನ್ನು ಬೇಕೆಂದೇ ಎಬ್ಬಿಸಿದಾಗ, ಎಲ್ಲ ಸರಿಯಿದ್ದರೂ ಮೀನು ಈಜು ನಿಲ್ಲಿಸಿತು.

ಇಲಿಯಲ್ಲೋ ಮನುಷ್ಯನಲ್ಲೋ ಈ ಕಥೆಯನ್ನು ಇಷ್ಟು ಪೂರ್ತಿಯಾಗಿ ನೋಡಲು ಆಗುತ್ತಿರಲಿಲ್ಲ. ಹಾಗಾಗಿಯೇ ಇವತ್ತು ಮಿದುಳಿನ ವಿಜ್ಞಾನದಲ್ಲಿ ಈ ಪುಟ್ಟ ಮೀನುಗಳಿಗೆ ಇಷ್ಟು ಬೆಲೆ.

ಇಡೀ ಮಿದುಳು ಒಟ್ಟಿಗೆ ಯಾಕೆ ಕಾಣಬೇಕು?

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇಲಿಯಲ್ಲಿ ಸುಮಾರು 7 ಕೋಟಿ. ಇಲಿಯ ಮಿದುಳನ್ನು ನೋಡಬೇಕೆಂದರೆ ತಲೆಬುರುಡೆಯಲ್ಲಿ ಕಿಂಡಿ ಕೊರೆಯಬೇಕು. ಕೊರೆದರೂ ಕಾಣುವುದು ಮೇಲ್ಪದರ ಮಾತ್ರ. ಆಳದಲ್ಲಿ ನಡೆಯುವುದು ಕಾಣದು. ಮನುಷ್ಯರಿಗೆ ಎಂಆರ್‌ಐ ಇದೆ, ನಿಜ. ಆದರೆ ಅದು ಒಂದೊಂದು ಕೋಶವನ್ನು ತೋರಿಸುವುದಿಲ್ಲ. ಲಕ್ಷಗಟ್ಟಲೆ ಕೋಶಗಳ ಗುಂಪಿಗೆ ರಕ್ತ ಎಷ್ಟು ಹರಿಯಿತು ಎಂಬುದನ್ನಷ್ಟೇ ಹೇಳುತ್ತದೆ. ಊರಿನ ಯಾವ ಬೀದಿಯಲ್ಲಿ ಕರೆಂಟು ಜಾಸ್ತಿ ಖರ್ಚಾಯಿತು ಅಂತ ಗೊತ್ತಾಗುತ್ತದೆ. ಯಾವ ಮನೆಯಲ್ಲಿ ಯಾರು ಏನು ಮಾತಾಡಿದರು ಅಂತ ಗೊತ್ತಾಗುವುದಿಲ್ಲ.

ಸಮಸ್ಯೆ ಇರುವುದೂ ಇಲ್ಲೇ. ಒಂದು ನಡವಳಿಕೆ ಹುಟ್ಟುವುದು ಮಿದುಳಿನ ಒಂದೇ ತುಂಡಿನಿಂದಲ್ಲ. ಕಣ್ಣಿನ ಭಾಗ, ಹಸಿವಿನ ಭಾಗ, ಭಯದ ಭಾಗ, ಬಾಲ ಆಡಿಸುವ ಭಾಗ ಎಲ್ಲ ಸೇರಿ ಮಾತಾಡಿಕೊಂಡ ಮೇಲೆ ಒಂದು ನಡೆ ಹೊರಬರುತ್ತದೆ. ಒಂದು ತುಂಡನ್ನಷ್ಟೇ ನೋಡಿ ಇಡೀ ಮಾತುಕತೆ ಊಹಿಸುವುದು ಕಷ್ಟ. ಗ್ಲಿಯಾ ಕೋಶಗಳ ಲೆಕ್ಕಾಚಾರ ಸಿಕ್ಕಿದ್ದೂ ಹಾಗೆಯೇ. ಎಲ್ಲಿ ಹುಡುಕಬೇಕೆಂದು ಮೊದಲೇ ತೀರ್ಮಾನಿಸಿಕೊಳ್ಳದೆ ಇಡೀ ಮಿದುಳನ್ನು ನೋಡಿದ್ದರಿಂದ ಅದು ಕಣ್ಣಿಗೆ ಬಿತ್ತು.

ಒಂದು ವಾರದ ಜೀಬ್ರಾಮೀನಿನ ಮರಿಯಲ್ಲಿ ಸುಮಾರು 1 ಲಕ್ಷ ನರಕೋಶಗಳಿವೆ. ಎಣಿಸಬಹುದಾದ ಸಂಖ್ಯೆ. ಆದರೆ ಪಾರದರ್ಶಕ ಮೈ ಒಂದೇ ಸಾಲದು, ಕೋಶ ಕೆಲಸ ಮಾಡಿದ್ದು ಕಣ್ಣಿಗೆ ಕಾಣಬೇಕಲ್ಲ? ಅದಕ್ಕೆ ನೆರವಾದದ್ದು ಜೆಲ್ಲಿಮೀನಿನಲ್ಲಿ ಸಿಕ್ಕ ಹಸಿರಾಗಿ ಹೊಳೆಯುವ ಪ್ರೋಟೀನ್. 2008ರ ರಸಾಯನ ವಿಜ್ಞಾನದ ನೊಬೆಲ್ ಸಿಕ್ಕಿದ್ದು ಇದರ ಶೋಧಕ್ಕೆ. ನರಕೋಶ ಚುರುಕಾದಾಗ ಅದರೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ. ಕ್ಯಾಲ್ಸಿಯಂ ತಾಗಿದಾಗ ಮಾತ್ರ ಜೋರಾಗಿ ಹೊಳೆಯುವ ಹಾಗೆ ಆ ಪ್ರೋಟೀನನ್ನು ಮಾರ್ಪಡಿಸಿ, ಅದರ ಜೀನನ್ನು ಮೀನಿನ ವಂಶದಲ್ಲೇ ಸೇರಿಸಿದರು. ಈಗ ಆ ಮೀನಿನ ಮಕ್ಕಳು, ಮೊಮ್ಮಕ್ಕಳು ಹುಟ್ಟುವಾಗಲೇ ಮಿನುಗುವ ಮಿದುಳಿನೊಂದಿಗೆ ಹುಟ್ಟುತ್ತವೆ.

ಇನ್ನು ನೋಡುವ ಬಗೆ. ಲೇಸರ್ ಬೆಳಕನ್ನು ಕಾಗದದ ಹಾಳೆಯಷ್ಟು ತೆಳ್ಳಗೆ ಹರಡಿ ಮೀನಿನ ತಲೆಗೆ ಪಕ್ಕದಿಂದ ಹಾಯಿಸುತ್ತಾರೆ. ಹಾಳೆ ತಾಗಿದ ಪದರ ಮಾತ್ರ ಹೊಳೆಯುತ್ತದೆ, ಮೇಲಿನಿಂದ ಕ್ಯಾಮೆರಾ ಚಿತ್ರ ತೆಗೆಯುತ್ತದೆ. ಹಾಳೆಯನ್ನು ಸರಸರನೆ ಮೇಲೆ ಕೆಳಗೆ ಸರಿಸುತ್ತಾ ಹೋದರೆ ಪದರ ಪದರವಾಗಿ ಇಡೀ ಮಿದುಳಿನ ಚಿತ್ರ ಸಿಗುತ್ತದೆ. 2013ರಲ್ಲಿ ಆರೆನ್ಸ್ ಮತ್ತು ಫಿಲಿಪ್ ಕೆಲ್ಲರ್ ಅವರ ತಂಡ ಹೀಗೆ ಮರಿಯ ಶೇಕಡಾ 80ಕ್ಕೂ ಹೆಚ್ಚು ನರಕೋಶಗಳನ್ನು, 1.3 ಸೆಕೆಂಡಿಗೊಮ್ಮೆ, ಒಂದೊಂದನ್ನೂ ಬಿಡಿಬಿಡಿಯಾಗಿ ಸೆರೆಹಿಡಿಯಿತು. ಬೆನ್ನುಮೂಳೆ ಇರುವ ಪ್ರಾಣಿಯೊಂದರ ಮಿದುಳನ್ನು ಜೀವಂತವಾಗಿ ಇಷ್ಟು ವಿವರವಾಗಿ ಯಾರೂ ಅದಕ್ಕೆ ಮೊದಲು ನೋಡಿರಲಿಲ್ಲ. ಆ ವೀಡಿಯೊದಲ್ಲಿ ಕತ್ತಲೆಯ ನಡುವೆ ಮಿಂಚುಹುಳುಗಳ ಗುಂಪಿನಂತೆ ಬೆಳಕು ಅಲ್ಲೊಮ್ಮೆ ಇಲ್ಲೊಮ್ಮೆ ಹೊತ್ತಿ ಆರುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಮರಕ್ಕೆ ಮರವೇ ಮಿನುಗುವುದನ್ನು ನೋಡಿದವರಿಗೆ ಆ ದೃಶ್ಯ ಥಟ್ಟನೆ ಗುರುತು ಸಿಗುತ್ತದೆ.

ಗದ್ದೆಯ ಮೀನು

ಈ ಜೀಬ್ರಾಮೀನು ನಮ್ಮ ಉಪಖಂಡದ್ದೇ. ಗಂಗಾ, ಬ್ರಹ್ಮಪುತ್ರಾ ಬಯಲಿನ ಗದ್ದೆ, ಹಳ್ಳ, ನಿಂತ ನೀರು ಇದರ ಮನೆ. ಇದರ ವೈಜ್ಞಾನಿಕ ಹೆಸರು ಡೇನಿಯೊ ರೆರಿಯೊ. ಡೇನಿಯೊ ಬಂದಿದ್ದು ಬಂಗಾಳಿಯ 'ಧಾನಿ' ಎಂಬ ಪದದಿಂದ, ಅಂದರೆ ಭತ್ತದ ಗದ್ದೆಯದು. 1822ರಲ್ಲಿ ಇದನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಬುಕಾನನ್ ಹ್ಯಾಮಿಲ್ಟನ್. ಕರ್ನಾಟಕದ ಇತಿಹಾಸ ಓದಿದವರಿಗೆ ಈ ಹೆಸರು ಗೊತ್ತಿರಬೇಕು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ ಬೆಳೆ, ಮಣ್ಣು, ಕಸುಬು, ಜಾತಿ ಎಲ್ಲವನ್ನೂ ಬರೆದಿಟ್ಟ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇವನೇ. ನಂತರ ಬಂಗಾಳದಲ್ಲಿ ಇದ್ದಾಗ ಗಂಗೆಯ ಮೀನುಗಳನ್ನು ಪಟ್ಟಿ ಮಾಡಿದ. ಆ ಪಟ್ಟಿಯಲ್ಲಿದ್ದ ಪಟ್ಟೆಪಟ್ಟೆಯ, ತಿನ್ನಲೂ ಬಾರದಷ್ಟು ಸಣ್ಣ ಮೀನೊಂದು ಮುಂದೆ ಜಗತ್ತಿನ ಪ್ರಯೋಗಾಲಯಗಳನ್ನೆಲ್ಲ ತುಂಬುತ್ತದೆ ಎಂದು ಆಗ ಯಾರೂ ಎಣಿಸಿರಲಾರರು.

ಅದು ಅಲ್ಲಿಗೆ ಹೋದದ್ದು ಅಕ್ವೇರಿಯಂ ವ್ಯಾಪಾರದ ದಾರಿಯಲ್ಲಿ. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದ ಜಾರ್ಜ್ ಸ್ಟ್ರೈಸಿಂಗರ್ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ವೈರಸ್‌ಗಳ ಜೀನ್ ಅಧ್ಯಯನ ಮಾಡುತ್ತಿದ್ದರು. ಬೆನ್ನುಮೂಳೆಯ ಪ್ರಾಣಿಯಲ್ಲಿ ನರಮಂಡಲ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಜೀನ್‌ಗಳ ಮೂಲಕ ತಿಳಿಯಬೇಕು ಎಂಬುದು ಅವರ ಆಸೆ. ಅದಕ್ಕೆ ಅಗ್ಗವಾಗಿ ಸಿಗುವ, ಬೇಗ ಬೆಳೆಯುವ ಪ್ರಾಣಿ ಬೇಕಿತ್ತು. ಸಾಕುಮೀನಿನ ಅಂಗಡಿಯಿಂದ ಜೀಬ್ರಾಮೀನು ತಂದರು. 1981ರಲ್ಲಿ ಅವರ ಪ್ರಬಂಧ ಬಂದ ಮೇಲೆ ಉಳಿದವರ ಗಮನ ಇತ್ತ ಹರಿಯಿತು. 1984ರಲ್ಲಿ ಸ್ಟ್ರೈಸಿಂಗರ್ ತೀರಿಕೊಂಡರು. ಅವರು ಹಾಕಿದ ಬುನಾದಿಯ ಮೇಲೆ ಜರ್ಮನಿಯ ಟ್ಯೂಬಿಂಗೆನ್ ಮತ್ತು ಅಮೆರಿಕದ ಬಾಸ್ಟನ್‌ನಲ್ಲಿ ದೊಡ್ಡ ಕೆಲಸ ನಡೆಯಿತು. ಜೀನ್ ಕೆಟ್ಟ ಸಾವಿರಾರು ಮೀನುಗಳನ್ನು ಒಂದೊಂದಾಗಿ ಪರೀಕ್ಷಿಸಿದ ಆ ಫಲಿತಾಂಶಗಳು 1996ರಲ್ಲಿ ಒಟ್ಟಿಗೆ ಹೊರಬಂದವು. ಇವತ್ತಿಗೂ ಲ್ಯಾಬುಗಳಲ್ಲಿ ಬಳಸುವ ಮೀನಿನ ಒಂದು ತಳಿಯ ಹೆಸರು ಡಬ್ಲ್ಯುಐಕೆ. ಬಿಡಿಸಿದರೆ 'ವೈಲ್ಡ್ ಇಂಡಿಯಾ ಕೋಲ್ಕತಾ'.

ಲ್ಯಾಬಿಗೆ ಈ ಮೀನು ಒಗ್ಗಿದ್ದಕ್ಕೆ ಕಾರಣ ಸರಳ. ಒಂದು ಜೋಡಿ ವಾರಕ್ಕೆ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆ ಬೆಳೆಯುವುದು ತಾಯಿಯ ಹೊಟ್ಟೆಯ ಹೊರಗೆ, ನೀರಲ್ಲಿ. ಒಂದು ಕೋಶ ಎರಡಾಗಿ, ಎರಡು ನಾಲ್ಕಾಗುವುದನ್ನು ಕೂತು ನೋಡಬಹುದು. ಸುಮಾರು 24 ಗಂಟೆಗೆ ಹೃದಯ ಬಡಿಯತೊಡಗುತ್ತದೆ. ಮೂರನೇ ದಿನದ ಹೊತ್ತಿಗೆ ಮರಿ ಹೊರಗೆ. ಐದನೇ ದಿನ ತಾನೇ ಬೇಟೆಯಾಡಿ ತಿನ್ನುತ್ತದೆ.

ಆ ಬೇಟೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮರಿಯ ಕಣ್ಣು ಸಾಮಾನ್ಯವಾಗಿ ಎಡಕ್ಕೊಂದು, ಬಲಕ್ಕೊಂದು ನೋಡುತ್ತಿರುತ್ತವೆ. ಪ್ಯಾರಾಮೀಸಿಯಂ ಎಂಬ ಏಕಕೋಶ ಜೀವಿಯೊಂದು ಎದುರಿಗೆ ಬಂದ ತಕ್ಷಣ ಎರಡೂ ಕಣ್ಣು ಮೂಗಿನ ಕಡೆಗೆ ತಿರುಗುತ್ತವೆ. ಮೀನು ಮೆಳ್ಳೆಗಣ್ಣು ಮಾಡುತ್ತದೆ! ದೂರ ಅಳೆಯಲು ಇದು ನೆರವಾಗುತ್ತದೆ. ಬಾಲದ ತುದಿಯನ್ನಷ್ಟೇ ಕೊಂಕಿಸಿ ಮೈಯನ್ನು ಗುರಿಯ ಕಡೆ ತಿರುಗಿಸಿಕೊಳ್ಳುತ್ತದೆ. ಸಮೀಪಿಸುತ್ತದೆ. ಕೊನೆಗೆ ಗಬಕ್. ಬೇಟೆ ಮುಗಿದ ಮೇಲೆ ಕಣ್ಣು ಮತ್ತೆ ಮೊದಲಿನ ಜಾಗಕ್ಕೆ. ಇದರಲ್ಲಿ ಸಂಶೋಧಕರಿಗೆ ದೊಡ್ಡ ಅನುಕೂಲವಿದೆ. ಮೀನು 'ಇದನ್ನು ಹಿಡಿಯುತ್ತೇನೆ' ಎಂದು ಯಾವ ಕ್ಷಣದಲ್ಲಿ ತೀರ್ಮಾನಿಸಿತು ಎಂಬುದು ಅದರ ಕಣ್ಣನ್ನು ನೋಡಿದರೇ ಗೊತ್ತಾಗುತ್ತದೆ. ಆ ಕ್ಷಣಕ್ಕೆ ಮುಂಚೆ ಮಿದುಳಿನಲ್ಲಿ ಏನು ಹೊಳೆಯಿತು, ನಂತರ ಏನು ಹೊಳೆಯಿತು ಎಂದು ತಾಳೆ ನೋಡಬಹುದು.

ಜೆಲ್‌ನಲ್ಲಿ ಕಟ್ಟಿಹಾಕದೆ, ಮೀನು ಈಜುತ್ತಿರುವಾಗಲೇ ಅದರ ಜೊತೆ ಜೊತೆಗೆ ಸರಿಯುವ ಸೂಕ್ಷ್ಮದರ್ಶಕಗಳೂ ಬಂದಿವೆ. ಅಂಥದ್ದರಲ್ಲಿ 2020ರಲ್ಲಿ ಒಂದು ತಂಡ ಕಂಡದ್ದು ಇದು. ಸುತ್ತಲೂ ಆಹಾರ ಅಷ್ಟೇ ಇದ್ದರೂ ಮರಿ ಕೆಲವು ನಿಮಿಷ ಬೇಟೆಯಲ್ಲೇ ಮುಳುಗಿರುತ್ತದೆ, ಇನ್ನು ಕೆಲವು ನಿಮಿಷ ಆಹಾರವನ್ನು ಬಿಟ್ಟು ಸುತ್ತಾಡುತ್ತದೆ. ಹೊರಗೆ ಏನೂ ಬದಲಾಗಿಲ್ಲ, ಒಳಗಿನ ಮನಸ್ಥಿತಿ ಬದಲಾಗಿದೆ. ಆ ಬದಲಾವಣೆಯೊಂದಿಗೆ ಮಿದುಳಿನಲ್ಲಿ ಸಿರೊಟೊನಿನ್ ಎಂಬ ರಾಸಾಯನಿಕ ಸ್ರವಿಸುವ ಕೋಶಗಳ ಚಟುವಟಿಕೆಯೂ ಬದಲಾಗಿತ್ತು. ಮೀನಿಗೆ 'ಮನಸ್ಥಿತಿ' ಎಂಬ ಮಾತು ಬಳಸಬಹುದಾ? ನನಗೆ ಬಳಸಬಹುದು ಅನ್ನಿಸುತ್ತದೆ. ನಮ್ಮದರ ಹಾಗೆಯೇ ಇದೆ ಅಂತಲ್ಲ. ಆದರೆ ಒಂದೇ ಪರಿಸ್ಥಿತಿಗೆ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ರೀತಿ ನಡೆದುಕೊಳ್ಳುವ ಒಳಗಿನ ಸ್ಥಿತಿಗೆ ಬೇರೆ ಪದ ಇಲ್ಲ.

ಬೆಂಗಳೂರಿನಲ್ಲೂ ಈ ಕೆಲಸ ಗಟ್ಟಿಯಾಗಿ ನಡೆದಿದೆ. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ವತ್ಸಲಾ ತಿರುಮಲೈ ಅವರ ತಂಡ ಜೀಬ್ರಾಮೀನಿನ ಮರಿಗಳಲ್ಲಿ ಕಿರುಮಿದುಳನ್ನು ಅಧ್ಯಯನ ಮಾಡುತ್ತಿದೆ. 2024ರಲ್ಲಿ ಅವರು ಪ್ರಕಟಿಸಿದ ಕೆಲಸದ ಸಾರ ಹೀಗಿದೆ. ಒಂದೇ ಬಗೆಯ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರೆ ಮರಿ ಮುಂದಿನದನ್ನು ನಿರೀಕ್ಷಿಸತೊಡಗುತ್ತದೆ. ನಿರೀಕ್ಷೆ ಬಲವಾಗಿದ್ದಾಗ ಅದು ಬೇಗ ಈಜು ಶುರುಮಾಡುತ್ತದೆ. ನಿರೀಕ್ಷಿಸಿದ್ದು ಒಂದು, ಬಂದದ್ದು ಇನ್ನೊಂದು ಆದಾಗ 'ತಪ್ಪಾಯಿತು' ಎಂಬ ಸಂಕೇತ ಕಿರುಮಿದುಳಿನ ಪರ್ಕಿಂಜೆ ಕೋಶಗಳಿಗೆ ತಲುಪುತ್ತದೆ. ಕಿರುಮಿದುಳಿಗೆ ಗಾಯ ಮಾಡಿದರೆ ಈ ಮುನ್ನೋಟದ ಪ್ರಭಾವವೇ ಇಲ್ಲವಾಗುತ್ತದೆ. ಮುಂದೆ ಏನಾಗಬಹುದೆಂದು ಊಹಿಸಿ ಸಜ್ಜಾಗುವುದು ಸಸ್ತನಿಗಳ ದೊಡ್ಡ ಮಿದುಳಿಗೆ ಮಾತ್ರ ಒಲಿದ ವಿದ್ಯೆಯಲ್ಲ. ಜೀರಿಗೆ ಕಾಳಿನಷ್ಟು ಮೀನಿಗೂ ಅದು ಗೊತ್ತು.

ಮರಿ ದೊಡ್ಡದಾದಾಗ ಬಾಗಿಲು ಮುಚ್ಚುತ್ತದೆ

ಆದರೆ ಜೀಬ್ರಾಮೀನಿಗೆ ಒಂದು ಮಿತಿ ಇದೆ. ಅದು ಗಾಜಿನಂತಿರುವುದು ಮರಿಯಾಗಿದ್ದಾಗ ಮಾತ್ರ. ಬೆಳೆದಂತೆ ಚರ್ಮ ದಪ್ಪವಾಗುತ್ತದೆ, ಪಟ್ಟೆ ಮೂಡುತ್ತವೆ, ತಲೆಬುರುಡೆ ಮುಚ್ಚಿಕೊಳ್ಳುತ್ತದೆ. ಮಿದುಳು ಕೂಡ ಬಹಳ ದೊಡ್ಡದಾಗುತ್ತದೆ. ಬಣ್ಣವಿಲ್ಲದ 'ಕ್ಯಾಸ್ಪರ್' ಎಂಬ ತಳಿಯನ್ನು 2008ರಲ್ಲಿ ರೂಪಿಸಿದರು. ಚರ್ಮದ ಸಮಸ್ಯೆ ತೀರಿತು, ಮೂಳೆಯದು ತೀರಲಿಲ್ಲ. ಒಂದು ವಾರದ ಮರಿಗೆ ಗೊತ್ತಿರುವುದು ತಿನ್ನುವುದು, ತಪ್ಪಿಸಿಕೊಳ್ಳುವುದು, ನಿದ್ದೆ ಮಾಡುವುದು. ಗುಂಪುಕಟ್ಟಿ ಈಜುವುದು, ಸಂಗಾತಿಯನ್ನು ಒಲಿಸುವುದು, ಜಗಳ, ಚೆನ್ನಾಗಿ ಕಲಿತು ನೆನಪಿಡುವುದು ಇವೆಲ್ಲ ಬರುವುದು ಆಮೇಲೆ. ನೋಡಲೇಬೇಕಾದ ನಡವಳಿಕೆ ಶುರುವಾಗುವ ಹೊತ್ತಿಗೆ ನೋಡುವ ಬಾಗಿಲು ಮುಚ್ಚಿರುತ್ತದೆ.

ಇಲ್ಲಿಗೆ ಬಂದದ್ದು ಡ್ಯಾನಿಯೊನೆಲ್ಲಾ. ಜೀಬ್ರಾಮೀನಿಗೆ ದೂರದ ನೆಂಟ. ಮಯನ್ಮಾರ್‌ನ ಬಾಗೋ ಯೋಮಾ ಬೆಟ್ಟಸಾಲಿನ ತೊರೆಗಳಲ್ಲಿ ಇರುತ್ತದೆ. ಪೂರ್ತಿ ಬೆಳೆದರೂ ಸುಮಾರು 12 ಮಿಲಿಮೀಟರ್, ಕಿರುಬೆರಳಿನ ಉಗುರಿನ ಅಗಲ. ಸಾಯುವವರೆಗೂ ಪಾರದರ್ಶಕವಾಗಿಯೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯ, ಇದರ ತಲೆಬುರುಡೆಗೆ ಮೇಲಿನ ಮುಚ್ಚಳವೇ ಇಲ್ಲ. ಮಿದುಳಿನ ಮೇಲೆ ಮೂಳೆ ಬೆಳೆಯುವುದೇ ಇಲ್ಲ, ಬರೀ ತೆಳು ಚರ್ಮ. ಬೆಳೆದ ಮೀನಿನ ಮಿದುಳಿನಲ್ಲಿ ಸುಮಾರು 6.5 ಲಕ್ಷ ನರಕೋಶಗಳು. ಬೆನ್ನುಮೂಳೆಯ ಪ್ರಾಣಿಗಳಲ್ಲಿ ಈವರೆಗೆ ಗೊತ್ತಿರುವ ಅತಿ ಪುಟ್ಟ ವಯಸ್ಕ ಮಿದುಳು ಇದು.

ಇದರ ಹೆಸರಿನದ್ದೇ ಒಂದು ಕಥೆ. ಕೆಲವು ವರ್ಷ ಲ್ಯಾಬುಗಳಲ್ಲಿ ಇದನ್ನು ಡ್ಯಾನಿಯೊನೆಲ್ಲಾ ಟ್ರಾನ್ಸ್‌ಲೂಸಿಡಾ ಎಂದು ಕರೆಯುತ್ತಿದ್ದರು. ಆ ಹೆಸರಿನಲ್ಲೇ ಪ್ರಬಂಧಗಳು ಬಂದವು. 2021ರಲ್ಲಿ ರಾಲ್ಫ್ ಬ್ರಿಟ್ಸ್ ಮತ್ತು ಸಂಗಡಿಗರು ಮೂಳೆಗಳನ್ನೂ ಜೀನ್‌ಗಳನ್ನೂ ಹೋಲಿಸಿ, ಇದು ಬೇರೆಯೇ ಪ್ರಭೇದ ಎಂದು ತೋರಿಸಿದರು. ಹೊಸ ಹೆಸರು ಡ್ಯಾನಿಯೊನೆಲ್ಲಾ ಸೆರೆಬ್ರಮ್. ಸೆರೆಬ್ರಮ್ ಅಂದರೆ ಮಿದುಳು. ಮಿದುಳಿನ ಅಧ್ಯಯನಕ್ಕೆಂದೇ ಸಾಕುತ್ತಿದ್ದ ಪ್ರಾಣಿ ಯಾವುದು ಎಂದು ಗೊತ್ತಾಗಲು ಮೀನುಗಳ ಮೂಳೆ ಎಣಿಸುವ ವರ್ಗೀಕರಣ ತಜ್ಞರೇ ಬೇಕಾಯಿತು. ಹಳೆಯ ಕಾಲದ ವಿದ್ಯೆ ಎಂದು ಅನುದಾನ ಸಿಗದೆ ಸೊರಗುತ್ತಿರುವ ಆ ವಿದ್ಯೆಯ ಬೆಲೆ ಇಂಥ ಕಡೆ ಕಾಣುತ್ತದೆ. ಈ ಕುಲದ ಇನ್ನೊಂದು ಮೀನನ್ನು ಅದೇ ಬ್ರಿಟ್ಸ್ 2009ರಲ್ಲಿ ವರ್ಣಿಸಿದರು. ಅದು ಸಿಕ್ಕಿದ್ದು ಪಶ್ಚಿಮ ಬಂಗಾಳದ ಜೋರಾಯಿ ಎಂಬಲ್ಲಿ. ಅಂದರೆ ಡ್ಯಾನಿಯೊನೆಲ್ಲಾದ ನೆಂಟರು ನಮ್ಮ ದೇಶದಲ್ಲೂ ಇದ್ದಾರೆ.

ಬರ್ಲಿನ್‌ನ ಶಾರಿಟೆ ಆಸ್ಪತ್ರೆಯ ಬೆಂಜಮಿನ್ ಯುಡ್ಕೆವಿಟ್ಸ್ ಅವರ ಲ್ಯಾಬು ಈ ಮೀನಿನ ಮೇಲೆ ಮೊದಲಿನಿಂದ ಕೆಲಸ ಮಾಡುತ್ತಿದೆ. 2024ರಲ್ಲಿ ಅವರಿಂದ ಬಂದ ಎರಡು ಕೆಲಸಗಳಲ್ಲಿ ಒಂದು ಬಹಳ ಸುದ್ದಿಯಾಯಿತು. ಇನ್ನೊಂದು ಅಷ್ಟಾಗಿ ಸುದ್ದಿಯಾಗಲಿಲ್ಲ. ನನ್ನ ಲೆಕ್ಕದಲ್ಲಿ ಆ ಇನ್ನೊಂದೇ ದೊಡ್ಡದು.

ಸುದ್ದಿಯಾದದ್ದು ಸದ್ದು. ಗಂಡು ಡ್ಯಾನಿಯೊನೆಲ್ಲಾ ಟಪಟಪ ಎಂದು ಸದ್ದು ಮಾಡುತ್ತದೆ. ಒಂದು ಸ್ನಾಯು ಪಕ್ಕೆಲುಬನ್ನು ಎಳೆದು, ಪುಟ್ಟ ಮೃದ್ವಸ್ಥಿಯೊಂದನ್ನು ಬಿಗಿಯಾಗಿ ಹಿಡಿದು, ಚಾಟಿಬಿಲ್ಲಿನ ಹಾಗೆ ಥಟ್ಟನೆ ಬಿಡುತ್ತದೆ. ಅದು ಹೋಗಿ ಗಾಳಿಚೀಲಕ್ಕೆ ಬಡಿಯುತ್ತದೆ. ಒಂದು ಮೀನಿನ ಉದ್ದದಷ್ಟು ದೂರದಲ್ಲಿ ಅಳೆದರೆ 140 ಡೆಸಿಬೆಲ್‌ಗೂ ಮೇಲೆ. ಸುದ್ದಿಯಲ್ಲಿ ಇದನ್ನು ವಿಮಾನದ ಸದ್ದಿಗೆ, ಬಂದೂಕಿನ ಸದ್ದಿಗೆ ಹೋಲಿಸಿದರು. ಆ ಹೋಲಿಕೆ ಸರಿಯಲ್ಲ. ನೀರಿನಲ್ಲಿ ಮತ್ತು ಗಾಳಿಯಲ್ಲಿ ಡೆಸಿಬೆಲ್ ಎಣಿಸಲು ಶುರು ಮಾಡುವ ಸೊನ್ನೆಯ ಗೆರೆಯೇ ಬೇರೆ. ಒತ್ತಡ ಒಂದೇ ಇದ್ದರೂ ನೀರಿನ ಲೆಕ್ಕದಲ್ಲಿ ಸಂಖ್ಯೆ 26 ಜಾಸ್ತಿ ತೋರಿಸುತ್ತದೆ. ಮೇಲಾಗಿ ಅಳೆದದ್ದು ಸೆಂಟಿಮೀಟರ್ ದೂರದಲ್ಲಿ. ಸದ್ದಿನ ಹೋಲಿಕೆ ಬಿಟ್ಟರೂ ಈ ಶೋಧ ಅಚ್ಚರಿಯದ್ದೇ. ಗಾತ್ರದಲ್ಲಿ ಇಷ್ಟು ಚಿಕ್ಕ ಪ್ರಾಣಿ ಇಷ್ಟು ಗಟ್ಟಿ ಸದ್ದು ಮಾಡಲು ಬೇರಾವ ಮೀನಿನಲ್ಲೂ ಕಾಣದ ಯಂತ್ರವೊಂದನ್ನು ಮೈಯಲ್ಲಿ ಬೆಳೆಸಿಕೊಂಡಿದೆ.

ಅಷ್ಟಾಗಿ ಸುದ್ದಿಯಾಗದ್ದು ಕಿವಿಯದು. ಸದ್ದು ಯಾವ ಕಡೆಯಿಂದ ಬಂತು ಎಂದು ನಾವು ಹೇಗೆ ಗುರುತಿಸುತ್ತೇವೆ? ಬಲಗಡೆಯ ಸದ್ದು ಬಲಗಿವಿಗೆ ಚೂರು ಮೊದಲು ತಲುಪುತ್ತದೆ, ಚೂರು ಜೋರಾಗಿ ಕೇಳುತ್ತದೆ. ಮೀನಿಗೆ ಇದು ಆಗದು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ. ತಲೆಯೋ ಪುಟ್ಟದು. ಮೀನಿನ ಮೈಯೂ ಹೆಚ್ಚುಕಡಿಮೆ ನೀರಿನಂತೆಯೇ ಇರುವುದರಿಂದ ಸದ್ದು ಅಡ್ಡಿಯಿಲ್ಲದೆ ಹಾಯ್ದು ಹೋಗುತ್ತದೆ. ಎರಡು ಕಿವಿಗಳ ನಡುವೆ ವ್ಯತ್ಯಾಸವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೂ ಮೀನು ಸರಿಯಾಗಿ ಸದ್ದಿನಿಂದ ದೂರ ಓಡುತ್ತದೆ. ಹೇಗೆ?

1970ರ ದಶಕದಲ್ಲಿ ಆರಿ ಸ್ಕೈಫ್ ಎಂಬ ಡಚ್ ವಿಜ್ಞಾನಿ ಒಂದು ಊಹೆ ಮುಂದಿಟ್ಟಿದ್ದರು. ಸದ್ದಿನಲ್ಲಿ ಎರಡು ಅಂಶಗಳಿವೆ. ಒಂದು ಒತ್ತಡದ ಏರಿಳಿತ. ಇನ್ನೊಂದು ನೀರಿನ ಕಣಗಳ ಹಿಂದೆ ಮುಂದೆ ತೂಗಾಟ. ಕಣಗಳ ತೂಗಾಟದಿಂದ ಸದ್ದು ಯಾವ ಗೆರೆಯಲ್ಲಿದೆ ಎಂದು ತಿಳಿಯುತ್ತದೆ, ಆದರೆ ಎಡದಿಂದಲೋ ಬಲದಿಂದಲೋ ಎಂದು ತಿಳಿಯದು. ಒತ್ತಡ ಏರುವಾಗ ಕಣ ಯಾವ ಕಡೆ ಸರಿಯುತ್ತಿತ್ತು ಎಂದು ಎರಡನ್ನೂ ಸೇರಿಸಿ ನೋಡಿದರೆ ಉತ್ತರ ಸಿಗುತ್ತದೆ. ಇದನ್ನು ನಿಖರವಾಗಿ ಪರೀಕ್ಷಿಸುವುದೇ ಕಷ್ಟವಾಗಿತ್ತು. ಚಿಕ್ಕ ತೊಟ್ಟಿಯಲ್ಲಿ ಸದ್ದು ಗೋಡೆಗೆ ಬಡಿದು ಕಲಸಿಹೋಗುತ್ತದೆ.

ಬರ್ಲಿನ್ ತಂಡ ಸುತ್ತಲೂ ಸ್ಪೀಕರ್ ಇಟ್ಟು, ಒತ್ತಡವನ್ನೂ ಕಣಗಳ ಚಲನೆಯನ್ನೂ ಬೇರೆ ಬೇರೆಯಾಗಿ ಹತೋಟಿಯಲ್ಲಿ ಇಟ್ಟುಕೊಂಡಿತು. ಸಹಜ ಸದ್ದಿಗೆ ಮೀನು ಸ್ಪೀಕರಿನಿಂದ ದೂರ ಹಾರಿತು. ಕಣಗಳ ಚಲನೆಯನ್ನು ಹಾಗೆಯೇ ಉಳಿಸಿ ಒತ್ತಡವನ್ನು ಮಾತ್ರ ತಿರುವುಮುರುವು ಮಾಡಿದರು. ಮೀನು ತಪ್ಪು ದಿಕ್ಕಿಗೆ, ಸ್ಪೀಕರಿನ ಕಡೆಗೇ ಹಾರಿತು. ಅಷ್ಟೇ ಸಾಕಿತ್ತು. ಸುಮಾರು ಐವತ್ತು ವರ್ಷದ ಹಳೆಯ ಊಹೆಗೆ ಪುರಾವೆ ಸಿಕ್ಕಿತು. ಒಳ್ಳೆಯ ಪ್ರಯೋಗ ಅಂದರೆ ಹೀಗಿರಬೇಕು. ಪ್ರಾಣಿಯ ತಪ್ಪೇ ಅದರ ಲೆಕ್ಕಾಚಾರವನ್ನು ಬಿಚ್ಚಿಟ್ಟಿತು.

ಔಷಧದ ಮಾತು

ಇಂಥ ಸಂಶೋಧನೆಯ ಬಗ್ಗೆ ಓದಿದಾಗ 'ಇದರಿಂದ ನಮಗೇನು ಲಾಭ' ಎಂಬ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಒಂದು ಉತ್ತರ ಫಿಟ್ಸ್ ಕಾಯಿಲೆಯ ಕಡೆಯಿಂದ ಇದೆ. ಡ್ರಾವೆ ಸಿಂಡ್ರೋಮ್ ಎಂಬ ಮಕ್ಕಳ ಕಾಯಿಲೆಯಲ್ಲಿ ಒಂದೇ ಒಂದು ಜೀನ್ ಕೆಟ್ಟು ಪದೇ ಪದೇ ತೀವ್ರ ಫಿಟ್ಸ್ ಬರುತ್ತದೆ. ಮಾಮೂಲು ಮಾತ್ರೆಗಳಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಅದೇ ಬಗೆಯ ಜೀನ್ ಕೆಟ್ಟ ಜೀಬ್ರಾಮೀನಿನ ಮರಿಗಳಿಗೂ ಫಿಟ್ಸ್ ಬರುತ್ತದೆ. ಅವು ಸುತ್ತು ಹೊಡೆಯುತ್ತವೆ, ಸೆಟೆದು ಪಕ್ಕಕ್ಕೆ ಉರುಳುತ್ತವೆ. ಕ್ಯಾಲಿಫೋರ್ನಿಯಾದ ಸ್ಕಾಟ್ ಬರಬನ್ ಅವರ ತಂಡ ಈ ಮರಿಗಳ ಮೇಲೆ 320 ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷಿಸಿತು. 2013ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಗೆದ್ದದ್ದು ಕ್ಲೆಮಿಝೋಲ್, ಅಲರ್ಜಿಗೆಂದು ಹಿಂದೆ ಬಳಸುತ್ತಿದ್ದ ಹಳೆಯ ಔಷಧ. ಆಮೇಲೆ ಅದು ರೋಗಿಗಳ ಮೇಲಿನ ಪರೀಕ್ಷೆಯ ಹಂತದವರೆಗೂ ಬಂತು. ಇಷ್ಟು ಬೇಗ ಇಷ್ಟು ಔಷಧಗಳನ್ನು ಇಲಿಗಳಲ್ಲಿ ಸೋಸುವುದು ಬಹಳ ಕಷ್ಟ.

ಕೈಚೆಲ್ಲುವ ಮೀನಿನ ಕಥೆಯೂ ಮುಂದುವರಿದಿದೆ. ಖಿನ್ನತೆಗೆ ಕೊಡುವ ಕೆಟಮಿನ್ ಅನ್ನು ಸ್ವಲ್ಪ ಹೊತ್ತು ನೀರಿಗೆ ಬೆರೆಸಿ ಮರಿಗಳಿಗೆ ಕೊಟ್ಟಾಗ, ಔಷಧ ತೊಳೆದುಹೋದ ಮೇಲೂ ಅವು ಮೊದಲಿಗಿಂತ ಹೆಚ್ಚು ಹೊತ್ತು ಪ್ರಯತ್ನ ಬಿಡಲಿಲ್ಲ. ಬದಲಾವಣೆ ಕಂಡದ್ದು ಅದೇ ಗ್ಲಿಯಾ ಕೋಶಗಳಲ್ಲಿ. ಇದನ್ನು ಓದಿ 'ಮೀನಿನಲ್ಲಿ ಖಿನ್ನತೆಗೆ ಪರಿಹಾರ' ಎಂದು ತಲೆಬರಹ ಹಾಕುವುದು ತಪ್ಪು. ಮೀನಿಗೆ ಖಿನ್ನತೆ ಬಂದಿರಲಿಲ್ಲ. ಪ್ರಯತ್ನ ಬಿಡುವಂತೆ ಮಾಡುವ ಮಿದುಳಿನ ಕೋಶಗಳ ಒಂದು ಜಾಲ ಯಾವುದು, ಕೆಟಮಿನ್ ಅದನ್ನು ಹೇಗೆ ತಟ್ಟುತ್ತದೆ ಎಂಬುದು ಗೊತ್ತಾಯಿತು. ದುಃಖ, ನೆನಪು, ನಿದ್ದೆಗೆಟ್ಟ ರಾತ್ರಿ, ಸಾಲ, ಸಂಸಾರ ಎಲ್ಲ ಸೇರಿದ ಮನುಷ್ಯನ ಖಿನ್ನತೆಗೆ ಇದರಿಂದ ಒಂದು ಸುಳಿವು ಸಿಗಬಹುದು. ಆ ಸುಳಿವನ್ನು ಮದ್ದು ಎಂದು ಕರೆದರೆ ಕಾಯಿಲೆಯವರಿಗೆ ಸುಳ್ಳು ಆಸೆ ಹುಟ್ಟಿಸಿದ ಹಾಗೆ.

ಮೀನಿಗೂ ನಮಗೂ ಇರುವ ವ್ಯತ್ಯಾಸಗಳೂ ಸಣ್ಣವಲ್ಲ. 2013ರಲ್ಲಿ ಪ್ರಕಟವಾದ ಜೀಬ್ರಾಮೀನಿನ ಜೀನೋಮ್, ಅಂದರೆ ಅದರ ಜೀನ್‌ಗಳ ಪೂರ್ತಿ ಕಟ್ಟಿನ ಪ್ರಕಾರ, ಮನುಷ್ಯರ ಶೇಕಡಾ 70ರಷ್ಟು ಜೀನ್‌ಗಳಿಗೆ ಜೀಬ್ರಾಮೀನಿನಲ್ಲಿ ಜೊತೆಗಾರ ಇದೆ. ಸರಿ, ಆದರೆ ಮೀನುಗಳ ಪೂರ್ವಜರಲ್ಲಿ ಒಮ್ಮೆ ಇಡೀ ಜೀನೋಮ್ ಎರಡಾಗಿತ್ತು. ಆದ್ದರಿಂದ ಎಷ್ಟೋ ಕಡೆ ನಮ್ಮ ಒಂದು ಜೀನ್‌ಗೆ ಅವುಗಳಲ್ಲಿ ಎರಡು. ಕೆಲಸ ಹಂಚಿಕೊಂಡಿರುತ್ತವೆ. ನಮ್ಮ ಮಿದುಳಿನ ಆರು ಪದರದ ಹೊರಭಾಗ ಅವಕ್ಕೆ ಇಲ್ಲ. ಭಾಷೆ, ಯೋಜನೆ, ಮುಖ ಗುರುತಿಸುವುದು ಇವೆಲ್ಲ ನಮ್ಮಲ್ಲಿ ನಡೆಯುವುದು ಅಲ್ಲಿಯೇ. ಮಿದುಳಿನ ಹಳೆಯ, ಆಳದ ಭಾಗಗಳ ಬಗ್ಗೆ ಮೀನು ಹೇಳಿದ್ದನ್ನು ಧೈರ್ಯವಾಗಿ ಕೇಳಬಹುದು. ಮೇಲ್ಭಾಗದ ಬಗ್ಗೆ ಹೇಳಿದರೆ ಹುಷಾರಾಗಿ ಕೇಳಬೇಕು.

ಪ್ರಾಣಿಗಳ ಮೇಲಿನ ಪ್ರಯೋಗವೇ ಬೇಡ ಎಂಬ ಮಾತು ಈಗ ಸರ್ಕಾರಗಳ ಮಟ್ಟದಲ್ಲೂ ಬಲವಾಗಿದೆ. ಭಾರತ 2023ರಲ್ಲಿ ಔಷಧ ಪರೀಕ್ಷೆಯ ನಿಯಮ ತಿದ್ದಿ, ಪ್ರಾಣಿಗಳ ಬದಲು ಮಾನವ ಕೋಶ ಮತ್ತು ಕಂಪ್ಯೂಟರ್ ಆಧಾರಿತ ವಿಧಾನಗಳನ್ನು ಬಳಸಲು ದಾರಿ ಮಾಡಿಕೊಟ್ಟಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಏಪ್ರಿಲ್‌ನಲ್ಲಿ ಕೆಲವು ಬಗೆಯ ಔಷಧಗಳಿಗೆ ಪ್ರಾಣಿಪರೀಕ್ಷೆಯನ್ನು ಹಂತಹಂತವಾಗಿ ಕಡಿಮೆ ಮಾಡುವುದಾಗಿ ಹೇಳಿತು. ವಿಷ ಪರೀಕ್ಷೆಗೆ ಇದು ಒಳ್ಳೆಯದು. ಯಕೃತ್ತಿನ ಕೋಶಕ್ಕೆ ಔಷಧ ಹಾನಿ ಮಾಡುತ್ತದಾ ಎಂದು ತಟ್ಟೆಯಲ್ಲಿ ಬೆಳೆಸಿದ ಕೋಶದಲ್ಲೇ ನೋಡಬಹುದು. ಆದರೆ ತಟ್ಟೆಯಲ್ಲಿ ಬೆಳೆಸಿದ ಮಿದುಳಿನ ತುಣುಕಿಗೆ ಹಸಿವಿಲ್ಲ, ಹೆದರಿಕೆ ಇಲ್ಲ, ಓಡಲು ಬಾಲವಿಲ್ಲ. ನಡವಳಿಕೆಯನ್ನು ಅರಿಯಬೇಕಾದರೆ ನಡೆದುಕೊಳ್ಳುವ ಜೀವಿಯೇ ಬೇಕು. ಹಾಗೆಂದು ಮೀನಿಗೆ ನೋವಿಲ್ಲ ಎಂದುಕೊಳ್ಳುವುದೂ ಸಲ್ಲದು. ಯುರೋಪಿನ ಕಾನೂನಿನಲ್ಲಿ ಮರಿ ತಾನೇ ತಿನ್ನಲು ಶುರುಮಾಡಿದ ದಿನದಿಂದ, ಜೀಬ್ರಾಮೀನಿನ ಲೆಕ್ಕದಲ್ಲಿ ಐದನೇ ದಿನದಿಂದ, ಅದಕ್ಕೆ ರಕ್ಷಣೆ ಇದೆ. ಸೋಲೊಪ್ಪುವುದು, ನಿರೀಕ್ಷಿಸುವುದು, ಮನಸ್ಥಿತಿ ಬದಲಿಸುವುದು ಇವನ್ನೆಲ್ಲ ಮೀನಿನಲ್ಲಿ ಕಂಡವರೂ ಇದೇ ವಿಜ್ಞಾನಿಗಳು. ಆ ಶೋಧಗಳೇ ಮೀನನ್ನು ಇನ್ನಷ್ಟು ಎಚ್ಚರದಿಂದ ನೋಡಿಕೊಳ್ಳಿ ಎಂದು ಹೇಳುತ್ತವೆ.

ನನಗೆ ಕಾಡುವ ಇನ್ನೊಂದು ವಿಷಯವಿದೆ. ಲ್ಯಾಬಿನ ಜೀಬ್ರಾಮೀನು ಎಷ್ಟೋ ತಲೆಮಾರಿನಿಂದ ಗಾಜಿನ ಪೆಟ್ಟಿಗೆಯಲ್ಲೇ ಬೆಳೆದದ್ದು. ಶತ್ರು ಇಲ್ಲ, ಬರಗಾಲ ಇಲ್ಲ, ಕೆಸರು ನೀರಿಲ್ಲ, ಹೊತ್ತು ಹೊತ್ತಿಗೆ ಊಟ. ಅದರ ನಡವಳಿಕೆಯನ್ನು ನೋಡಿ ಮೀನಿನ ನಡವಳಿಕೆ ಇಷ್ಟೇ ಎಂದರೆ ಅರ್ಧ ಸತ್ಯ. ಭಯ, ಗುಂಪು, ಬೇಟೆ ಎಲ್ಲವೂ ರೂಪುಗೊಂಡದ್ದು ಗದ್ದೆಯಲ್ಲಿ, ಮಳೆಗಾಲದಲ್ಲಿ ಉಕ್ಕಿ ಬೇಸಿಗೆಯಲ್ಲಿ ಬತ್ತುವ ಹಳ್ಳದಲ್ಲಿ. ಆ ಗದ್ದೆ, ಹಳ್ಳಗಳು ಇರುವುದು ನಮ್ಮಲ್ಲಿ. ಕೋಟಿಗಟ್ಟಲೆ ಬೆಲೆಯ ಸೂಕ್ಷ್ಮದರ್ಶಕ ಎಲ್ಲರಿಗೂ ಸಿಗದಿರಬಹುದು. ಆದರೆ ಕಾಡು ಜೀಬ್ರಾಮೀನನ್ನು ಅದರ ನೀರಿನಲ್ಲೇ ನೋಡುವ ಅವಕಾಶ ಭಾರತದ ಸಂಶೋಧಕರಿಗೆ ಇರುವಷ್ಟು ಟ್ಯೂಬಿಂಗೆನ್‌ನಲ್ಲಾಗಲಿ ಬಾಸ್ಟನ್‌ನಲ್ಲಾಗಲಿ ಇಲ್ಲ. ಅದೇ ಗದ್ದೆಗೆ ಕೀಟನಾಶಕ ಬೀಳುತ್ತಿದೆ, ಹಳ್ಳ ಮುಚ್ಚಿ ಸೈಟು ಮಾಡುತ್ತಿದ್ದಾರೆ.

ಗಂಡು ಡ್ಯಾನಿಯೊನೆಲ್ಲಾದ ಟಪಟಪದ ಕಥೆಯೂ ಅಷ್ಟೇ. ಲ್ಯಾಬಿನಲ್ಲಿ ಆ ಸದ್ದಿನ ಯಂತ್ರ ಬಿಡಿಬಿಡಿಯಾಗಿ ಗೊತ್ತಾಗಿದೆ. ಸದ್ದು ಬಂದ ದಿಕ್ಕನ್ನು ಮೀನು ಹೇಗೆ ಗುರುತಿಸುತ್ತದೆ ಎಂಬುದೂ ಗೊತ್ತಾಗಿದೆ. ಮುಚ್ಚಳವಿಲ್ಲದ ತಲೆಯಿಂದಾಗಿ, ಸದ್ದು ಮಾಡುವ ಗಂಡಿನ ಮಿದುಳನ್ನೂ ಕೇಳುವವರ ಮಿದುಳನ್ನೂ ನೋಡುವ ದಾರಿ ತೆರೆದಿದೆ. ಬಾಗೋ ಯೋಮಾದ ತೊರೆಯಲ್ಲಿ, ಎರಡು ಗೇಣು ಮುಂದೆ ಏನೂ ಕಾಣದ ಮಬ್ಬು ನೀರಿನಲ್ಲಿ, ಒಂದು ಸೆಂಟಿಮೀಟರ್ ಉದ್ದದ ಗಂಡು ಗಾಳಿಚೀಲ ಬಡಿದು ಯಾರನ್ನು ಕರೆಯುತ್ತಿದೆ, ಯಾರನ್ನು ಓಡಿಸುತ್ತಿದೆ ಎಂದು ತಿಳಿಯಲು ಯಾರಾದರೂ ಮೈಕು ಹಿಡಿದು ಆ ನೀರಿಗೆ ಇಳಿಯಬೇಕು.